ಬೇಸಿಗೆಯಲ್ಲೂ ಊರಲ್ಲೇ ಉಳಿಯಲು: ರಾಯಚೂರು ಕಡೆಯಿಂದ ಒಂದು ಉತ್ತರ

ಮಾನ್ಯರೇ,

ಎರಡು ಹೊಳೆಗಳ ನಡುವಿನ ಜಿಲ್ಲೆ ನಿಮ್ಮದು, ಕಾಲುವೆಯೂ ಇದೆ, ಸೋನಾ ಮಸೂರಿಯೂ ಬೆಳೆಯುತ್ತದೆ, ಆದರೂ ಬೆಂಗಳೂರಿನಲ್ಲಿ ಕಟ್ಟಡ ಕಟ್ಟುವವರಲ್ಲಿ ಇಷ್ಟು ಜನ ನಿಮ್ಮ ಕಡೆಯವರೇ ಏಕೆ, ಊರಿನವರು ಕೂಡಿ ಏನೂ ಮಾಡುವುದಿಲ್ಲವೇ ಎಂದು ನೀವು ಕೇಳಿದ್ದೀರಿ. ಊರಿನವರು ಮಾಡುತ್ತಿದ್ದಾರೆ. ಆದರೆ ಅವರು ಏನು ಮಾಡುತ್ತಿದ್ದಾರೆ ಎಂಬುದು ತಿಳಿಯಬೇಕಾದರೆ ಇಲ್ಲಿನ ಬಡತನ ಯಾವ ತಿಂಗಳಲ್ಲಿ ಬಾಗಿಲಿಗೆ ಬರುತ್ತದೆ ಎಂಬುದನ್ನು ಮೊದಲು ಹೇಳಬೇಕಾಗುತ್ತದೆ.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ಪೂರ್ವಕ್ಕೆ ತೆಲಂಗಾಣ ಮತ್ತು ಆಂಧ್ರಪ್ರದೇಶ: ಇದು ನಮ್ಮ ಜಿಲ್ಲೆಯ ಎಲ್ಲೆ. ನಕ್ಷೆಯಲ್ಲಿ ನೋಡಿದವರಿಗೆ ಇಷ್ಟು ನೀರಿನ ನಡುವೆ ಬರ ಎಂದರೆ ನಂಬಿಕೆ ಬರುವುದಿಲ್ಲ. ಆದರೆ ನೀರು ಎಲ್ಲರ ಹೊಲಕ್ಕೂ ಸಮನಾಗಿ ಹರಿಯುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿರುವ ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಭತ್ತದ ಗದ್ದೆಗಳು ಕಣ್ಣು ಹಾಯುವಷ್ಟು ದೂರ ಹಬ್ಬಿವೆ. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳೂ ಅಲ್ಲೇ ಇವೆ. ಅದೇ ಕಾಲುವೆ ಮಾನ್ವಿ, ಸಿರವಾರ ದಾಟಿ ರಾಯಚೂರು ತಾಲ್ಲೂಕಿನ ಕೊನೆಭಾಗಕ್ಕೆ ಬರುವಷ್ಟರಲ್ಲಿ ಎಷ್ಟೋ ವರ್ಷ ನೀರಿಗಾಗಿ ರೈತರು ರಸ್ತೆಗೆ ಇಳಿಯಬೇಕಾಗುತ್ತದೆ. ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ ಅದರ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದ ರಾತ್ರಿ ಈ ಭಾಗದಲ್ಲಿ ನೆಮ್ಮದಿಯಿಂದ ಮಲಗಿದವರು ಕಡಿಮೆ. ಇನ್ನು ದೇವದುರ್ಗ, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ಕಾಲುವೆ ಮುಟ್ಟದ ಎರೆ (ಕಪ್ಪು ಮಣ್ಣಿನ) ಮತ್ತು ಮಸಾರಿ (ಕೆಂಪು ಮಣ್ಣಿನ) ಭೂಮಿ ಬಹಳಷ್ಟಿದೆ. ಅಲ್ಲಿ ಮಳೆ ಬಂದರೆ ಸಜ್ಜೆ, ತೊಗರಿ, ಹತ್ತಿ. ಹಿಂಗಾರು ಹಿಡಿದರೆ ಬಿಳಿಜೋಳ, ಕಡಲೆ.

ಈಗ ವರ್ಷದ ಲೆಕ್ಕ ನೋಡಿ. ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಬಿತ್ತನೆ, ನಂತರ ಕಳೆ, ಕ್ಯಾಂಪುಗಳ ಕಡೆ ಭತ್ತದ ನಾಟಿ, ದೀಪಾವಳಿಯ ನಂತರ ಹತ್ತಿ ಬಿಡಿಸುವುದು, ಆಮೇಲೆ ತೊಗರಿ ಮತ್ತು ಜೋಳದ ಕೊಯ್ಲು. ಮೊದಲು ಭತ್ತದ ಕೊಯ್ಲಿಗೂ ಕೂಲಿ ಇತ್ತು. ಕಟಾವು ಯಂತ್ರ ಬಂದ ಮೇಲೆ ಆ ದಿನಗಳು ಹೋದವು. ಶಿವರಾತ್ರಿ ಕಳೆಯುವ ಹೊತ್ತಿಗೆ ಭೂಮಿ ಇಲ್ಲದವರಿಗೆ, ಎರಡು ಮೂರು ಎಕರೆ ಒಣ ಬೇಸಾಯದವರಿಗೆ ಊರಲ್ಲಿ ಕೆಲಸವೇ ಉಳಿಯುವುದಿಲ್ಲ. ಮುಂದಿನ ಮಳೆಯವರೆಗೆ ಹೊಟ್ಟೆ ಮಾತ್ರ ಸುಮ್ಮನಿರುವುದಿಲ್ಲ. ಯುಗಾದಿ ಮುಗಿದ ಮೇಲೆ ದೇವದುರ್ಗ, ಲಿಂಗಸುಗೂರು ಬಸ್ ನಿಲ್ದಾಣಗಳಲ್ಲಿ ಹಾಸಿಗೆಯ ಗಂಟು, ಜೋಳದ ಹಿಟ್ಟಿನ ಚೀಲ, ಒಲೆಯ ಸಮೇತ ಇಡೀ ಸಂಸಾರಗಳು ಬೆಂಗಳೂರಿನ ಬಸ್ಸಿಗೆ ಕಾಯುವುದನ್ನು ನೀವು ಒಮ್ಮೆ ನೋಡಬೇಕು. ಮನೆಯಲ್ಲಿ ಉಳಿಯುವವರು ಮುದುಕರು, ಮತ್ತು ಅವರ ಹೆಗಲಿಗೆ ಬಿಟ್ಟ ಶಾಲೆಯ ಮಕ್ಕಳು. ಎಲ್ಲ ಮಕ್ಕಳೂ ಉಳಿಯುವುದಿಲ್ಲ. ಕೂಸನ್ನು ಆಡಿಸಲು ದೊಡ್ಡ ಹುಡುಗಿಯನ್ನೂ ಕರೆದುಕೊಂಡು ಹೋಗುತ್ತಾರೆ, ಆ ಹುಡುಗಿಯ ಓದು ಅಲ್ಲಿಗೆ ನಿಲ್ಲುತ್ತದೆ.

ಹೀಗೆ ಕೂಲಿಗಾಗಿ ಊರು ಬಿಟ್ಟು ಗುಳೆ ಹೋಗುವ ತೀರ್ಮಾನ ಬೇಸಿಗೆಯಲ್ಲಿ ಆಗುತ್ತದೆ ಎಂದು ಹೊರಗಿನವರು ತಿಳಿಯುತ್ತಾರೆ. ಎಷ್ಟೋ ಮನೆಗಳಲ್ಲಿ ಅದು ಹಿಂದಿನ ದಸರಾದಲ್ಲೇ ಆಗಿಹೋಗಿರುತ್ತದೆ. ಹಬ್ಬಕ್ಕೋ, ಹೆರಿಗೆಗೋ, ಗೊಬ್ಬರದ ಅಂಗಡಿಯ ಬಾಕಿಗೋ ಕೂಲಿಯವರನ್ನು ಕರೆದೊಯ್ಯುವ ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡವರು ಅವನು ಕರೆದಾಗ, ಅವನು ಹೇಳಿದ ಕಡೆಗೆ, ಅವನು ಹೇಳಿದ ಕೂಲಿಗೆ ಹೋಗಲೇಬೇಕು. ಆದ್ದರಿಂದ ಊರಿನವರು ಕೂಡಿ ಮಾಡಬಹುದಾದ ಕೆಲಸ ಎರಡೇ ಎಂದು ನನಗೆ ಅನ್ನಿಸುತ್ತದೆ: ಮುಂಗಡ ತೆಗೆದುಕೊಳ್ಳದೆ ದಸರಾ ದಾಟುವಂತೆ ನೋಡಿಕೊಳ್ಳುವುದು, ಮತ್ತು ಶಿವರಾತ್ರಿಯಿಂದ ಮುಂಗಾರಿನವರೆಗೆ ಊರಲ್ಲೇ ಕೆಲಸ ಹುಟ್ಟಿಸುವುದು. ಉಳಿದ ಯೋಜನೆಗಳು ಎಷ್ಟೇ ಚೆನ್ನಾಗಿರಲಿ, ಈ ಎರಡು ಸಂದುಗಳನ್ನು ಮುಚ್ಚದಿದ್ದರೆ ಬಸ್ಸು ತುಂಬಿಯೇ ಹೋಗುತ್ತದೆ.

ಎರಡನೆಯದನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಒಗ್ಗಟ್ಟಿನ ಬೆಲೆ ಅಲ್ಲೇ ಚೆನ್ನಾಗಿ ಕಾಣುತ್ತದೆ. ಉದ್ಯೋಗ ಖಾತ್ರಿ 2006ರ ಫೆಬ್ರವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಆರಂಭವಾದಾಗ ರಾಯಚೂರು ಆ ಮೊದಲ ಪಟ್ಟಿಯಲ್ಲೇ ಇತ್ತು. ಆದರೆ ಕಾಯ್ದೆ ಬಂದ ಮಾತ್ರಕ್ಕೆ ಕೆಲಸ ಬರಲಿಲ್ಲ. ಒಬ್ಬ ಕೂಲಿಕಾರ ಪಂಚಾಯಿತಿಗೆ ಹೋಗಿ ಕೆಲಸ ಕೇಳಿದರೆ ನಾಳೆ ಬಾ ಎಂಬ ಉತ್ತರ ಸಿಗುತ್ತಿತ್ತು. ಅವನ ಅರ್ಜಿಗೆ ರಸೀದಿ ಇರುತ್ತಿರಲಿಲ್ಲ, ರಸೀದಿ ಇಲ್ಲದ ಅರ್ಜಿಗೆ ದಿನಾಂಕವೂ ಇರುತ್ತಿರಲಿಲ್ಲ. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂದು ಕಾಯ್ದೆಯಲ್ಲಿತ್ತು, ಆದರೆ ದಿನಾಂಕವೇ ಇಲ್ಲದಿದ್ದರೆ 15 ದಿನ ಎಲ್ಲಿಂದ ಎಣಿಸುವುದು? ಐವತ್ತು ಅರವತ್ತು ಜನ ಒಂದೇ ದಿನ ಕೆಲಸ ಕೇಳುವ ಅರ್ಜಿಯಾದ ನಮೂನೆ 6 ತುಂಬಿ, ಪಂಚಾಯಿತಿ ಕಟ್ಟೆಯ ಮೇಲೆ ಕುಳಿತು, ಸಹಿ ಮತ್ತು ಮೊಹರು ಇರುವ ರಸೀದಿ ಕೈಗೆ ಬರುವವರೆಗೆ ಏಳುವುದಿಲ್ಲ ಎಂದಾಗ ಪರಿಸ್ಥಿತಿ ಬೇರೆಯಾಯಿತು. ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆಯವರು ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಕಲಿಸಿದ ಪಾಠ ಮುಖ್ಯವಾಗಿ ಇದೇ. ಹೆಬ್ಬೆಟ್ಟು ಒತ್ತುವ ಹೆಂಗಸರೂ ಇಂದು ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ) ತೆಗೆದರೋ ಇಲ್ಲವೋ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ನೇರವಾಗಿ ಕೇಳುತ್ತಾರೆ. ಯೋಜನೆಯ ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತಿರುತ್ತವೆ; ಕೂಡಿ ಹೋಗಿ ಬರಹದಲ್ಲಿ ಕೇಳುವ ಈ ರೂಢಿ ಮಾತ್ರ ಯಾವ ನಿಯಮ ಬಂದರೂ ಉಪಯೋಗಕ್ಕೆ ಬರುತ್ತದೆ.

ಏಪ್ರಿಲ್ ತಿಂಗಳಲ್ಲಿ ಒಂದು ಕೆರೆಯ ಹೂಳು ತೆಗೆಯುವ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಬಿಸಿಲು 40 ಡಿಗ್ರಿ ದಾಟುವುದರಿಂದ ಬೆಳಗಿನ ಆರಕ್ಕೆಲ್ಲ ಜನ ಕೆರೆಯ ಅಂಗಳದಲ್ಲಿರುತ್ತಾರೆ. ಕಾಯಕ ಬಂಧು ಎಂದು ಕರೆಯುವ ಗುಂಪಿನ ಮುಂದಾಳು, ಬಹಳ ಕಡೆ ಈಗ ಹೆಂಗಸು, ಹಾಜರಿ ಹಿಡಿದು ಪ್ರತಿ ಗುಂಪಿಗೂ ಹಗ್ಗ ಹಿಡಿದು ಚೌಕ ಗುರುತು ಹಾಕಿಕೊಡುತ್ತಾರೆ. ಒಬ್ಬರು ಗುದ್ದಲಿಯಿಂದ ಅಗೆದರೆ ಒಬ್ಬರು ಸಲಿಕೆಯಿಂದ ಪುಟ್ಟಿ ತುಂಬುತ್ತಾರೆ, ಇನ್ನಿಬ್ಬರು ಹೊತ್ತು ಹಾಕುತ್ತಾರೆ. ಚೌಕದ ನಡುವೆ ಒಂದು ಮಣ್ಣಿನ ಗುಡ್ಡೆಯನ್ನು ಅಗೆಯದೆ ಹಾಗೆಯೇ ಬಿಡುತ್ತಾರೆ, ಎಂಜಿನಿಯರ್ ಬಂದಾಗ ಎಷ್ಟು ಆಳ ಅಗೆದಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ. ಅಳತೆ ಕಡಿಮೆ ಬಂದರೆ ಗುಂಪಿನ ಎಲ್ಲರ ಕೂಲಿಯೂ ಕಡಿಮೆಯಾಗುತ್ತದೆ, ಆದ್ದರಿಂದ ಗುಂಪು ಕಟ್ಟುವಾಗಲೇ ಮಾತು ಬರುತ್ತದೆ: ವಯಸ್ಸಾದ ಅತ್ತೆಯನ್ನು, ಬಾಣಂತನದಿಂದ ಈಗಷ್ಟೇ ಎದ್ದ ಸೊಸೆಯನ್ನು ಯಾರು ಸೇರಿಸಿಕೊಳ್ಳುವುದು? ಒಳ್ಳೆಯ ಸಂಘಟನೆ ಇರುವ ಊರುಗಳಲ್ಲಿ ಅಂಥವರನ್ನು ಗುಂಪಿಗೊಬ್ಬರಂತೆ ಹಂಚಿಕೊಂಡು, ನೀರು ಕೊಡುವ, ಕೂಸುಗಳನ್ನು ನೆರಳಲ್ಲಿ ನೋಡಿಕೊಳ್ಳುವ ಕೆಲಸವನ್ನು ಅವರಿಗೆ ಬಿಡುತ್ತಾರೆ. ಬಡತನ ಕಡಿಮೆ ಮಾಡುವ ಕೆಲಸದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವುದು ಈ ಹಂಚಿಕೆ. ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಎಂಬುದು ನಮ್ಮ ಹೊಲಗಳಲ್ಲಿ ಎಂದೂ ಇರಲಿಲ್ಲ. ಕೆರೆಯ ಕೆಲಸದಲ್ಲಿ ಅದು ಬಂದ ಮೇಲೆ ಹೊಲದ ಕೂಲಿ ಮಾತಾಡುವಾಗಲೂ ಹೆಂಗಸರ ದನಿ ಸ್ವಲ್ಪ ಏರಿದೆ.

ತೆಗೆದ ಹೂಳು ವ್ಯರ್ಥವಲ್ಲ. ಅದನ್ನು ಮಸಾರಿ ಹೊಲಕ್ಕೆ ಹೊಡೆದರೆ ಭೂಮಿ ತೇವ ಹಿಡಿಯುತ್ತದೆ, ಸಣ್ಣ ರೈತರು ಟ್ರ್ಯಾಕ್ಟರ್ ಬಾಡಿಗೆಯನ್ನು ಕೂಡಿ ಕೊಟ್ಟು ಒಯ್ಯುತ್ತಾರೆ. ನೆರೆಯ ಕೊಪ್ಪಳದಲ್ಲಿ 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳವನ್ನು 20 ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ಸ್ವಚ್ಛಗೊಳಿಸಿದಾಗ ಹಳ್ಳದ ದಂಡೆಯ ಊರುಗಳ ಜನ ದುಡ್ಡು, ಡೀಸೆಲ್, ರೊಟ್ಟಿ, ಮೈಯ ಶ್ರಮ ಎಲ್ಲವನ್ನೂ ಕೊಟ್ಟರು. ಕುಷ್ಟಗಿ ತಾಲ್ಲೂಕಿನ ನಿಡಶೇಸಿ ಕೆರೆಗೂ ಅಂಥದ್ದೇ ಜನಬಲ ಸಿಕ್ಕಿತು. ಮಠದ ಮಾತಿಗೆ ಊರು ಕೂಡುವುದು ನಮ್ಮ ಭಾಗದ ದೊಡ್ಡ ಶಕ್ತಿ. ಹಾಗೆಂದು ಯಂತ್ರದಿಂದ ಬೇಗ ಮುಗಿಯುವ ಕೆಲಸವೂ ಕೂಲಿಯಿಂದ ನಿಧಾನವಾಗಿ ನಡೆಯುವ ಕೆಲಸವೂ ಒಂದೇ ಅಲ್ಲ ಎಂಬುದನ್ನು ಮರೆಯಬಾರದು: ಮೊದಲನೆಯದು ಕೆರೆಗೆ ನೀರು ತರುತ್ತದೆ, ಎರಡನೆಯದು ನೀರನ್ನೂ ತರುತ್ತದೆ, ಆ ಬೇಸಿಗೆಯ ಅನ್ನವನ್ನೂ ಕೊಡುತ್ತದೆ. ಗ್ರಾಮಸಭೆಯಲ್ಲಿ ಕ್ರಿಯಾಯೋಜನೆ ಮಾಡುವಾಗ ಸಿ.ಸಿ. ರಸ್ತೆ ಬೇಕೋ, ಕೆರೆ ಮತ್ತು ಬದುವಿನ ಕೆಲಸ ಬೇಕೋ ಎಂಬ ಜಗಳದ ಹಿಂದೆ ಇರುವುದು ಇದೇ. ರಸ್ತೆಯಲ್ಲಿ ಸಾಮಗ್ರಿಯ ಬಿಲ್ಲು ದೊಡ್ಡದು, ಕೆರೆಯಲ್ಲಿ ಕೂಲಿಯ ಪಾಲು ದೊಡ್ಡದು. ಕೂಲಿಕಾರರು ಸಭೆಗೆ ಬಾರದಿದ್ದರೆ ಯಾವುದು ಗೆಲ್ಲುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಇನ್ನು ಮುಂಗಡದ ಮಾತು. ರಾಜ್ಯದಲ್ಲಿ 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗಿನಿಂದ ಹಳ್ಳಿಹಳ್ಳಿಯಲ್ಲಿ ಮಹಿಳಾ ಸಂಘಗಳಿವೆ, ಈಗ ಅವುಗಳ ಮೇಲೆ ಪಂಚಾಯಿತಿ ಮಟ್ಟದ ಸಂಜೀವಿನಿ ಒಕ್ಕೂಟಗಳೂ ಇವೆ. ವಾರದ ಉಳಿತಾಯ ಸಣ್ಣದು. ಆದರೆ ದಸರಾ ಹೊತ್ತಿಗೆ ಒಬ್ಬ ಸದಸ್ಯೆಗೆ ಮೇಸ್ತ್ರಿಯ ಮನೆಗೆ ಹೋಗದೆ ಸಂಘದಿಂದಲೇ ಕಡಿಮೆ ಬಡ್ಡಿಗೆ ಸಾಲ ಸಿಕ್ಕರೆ, ಆ ಮನೆಯ ಮುಂದಿನ ಬೇಸಿಗೆ ಅವರ ಕೈಯಲ್ಲೇ ಉಳಿಯುತ್ತದೆ. ಸಂಘದ ಸಭೆಯಲ್ಲಿ ಯಾರಿಗೆ ಮೊದಲು ಕೊಡಬೇಕು ಎಂಬ ಚರ್ಚೆ ಕೇಳಿದವರಿಗೆ ಗೊತ್ತಾಗುತ್ತದೆ, ಯಾರ ಮನೆಯಲ್ಲಿ ಎಷ್ಟು ಜೋಳ ಉಳಿದಿದೆ ಎಂಬುದು ಕೂತವರಿಗೆಲ್ಲ ತಿಳಿದಿರುತ್ತದೆ. ಬ್ಯಾಂಕಿನ ಯಾವ ಅರ್ಜಿಯಲ್ಲೂ ಆ ಕಲಂ ಇರುವುದಿಲ್ಲ. ಮಾನ್ವಿ ಭಾಗದ ಪೋತ್ನಾಳದ ಸುತ್ತಿನ ಹಳ್ಳಿಗಳಲ್ಲಿ ದಲಿತ ಕೂಲಿ ಮಹಿಳೆಯರು ಕಟ್ಟಿಕೊಂಡ ಜಾಗೃತ ಮಹಿಳಾ ಸಂಘಟನೆ ಉಳಿತಾಯದಲ್ಲೇ ನಿಲ್ಲದೆ ಮಕ್ಕಳ ಶಾಲೆಯವರೆಗೆ, ಸುಟ್ಟ ಮಣ್ಣಿನ ಆಭರಣ ಮಾಡುವವರೆಗೆ ಹೋಯಿತು. ಆನೆಗೊಂದಿಯಲ್ಲಿ ಬಾಳೆಯ ನಾರಿನ ಕೈಕೆಲಸ, ಸಂಡೂರಿನಲ್ಲಿ ಲಂಬಾಣಿ ಕಸೂತಿ ಅಲ್ಲಿನ ಹೆಂಗಸರಿಗೆ ಹೊಲದಾಚೆಗೂ ದುಡಿಮೆ ಕೊಟ್ಟಿವೆ.

ಇದರ ಎದುರಿಗೆ ಖಾಸಗಿ ಮೈಕ್ರೊ ಫೈನಾನ್ಸ್‌ನವರ ಸಾಲ ಮನೆಬಾಗಿಲಿಗೇ ಬಂತು. ಒಂದರ ಕಂತಿಗೆ ಇನ್ನೊಂದು, ಅದಕ್ಕೆ ಮತ್ತೊಂದು ಎಂದು ಸಾಲ ಮಾಡಿ, ವಸೂಲಿಗೆ ಬಂದವರಿಗೆ ಹೆದರಿ ರಾತ್ರೋರಾತ್ರಿ ಊರು ಬಿಟ್ಟವರನ್ನು ನಾವು ನೋಡಿದ್ದೇವೆ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಕುಳ ತಡೆಯುವ ಸುಗ್ರೀವಾಜ್ಞೆ ತಂದಿತು, ಅದು ಬೇಕಾಗಿತ್ತು. ಆದರೂ ಅದೇ ಹೊತ್ತಿಗೆ ನ್ಯಾಯವಾದ ಸಾಲ ಸಂಘದಲ್ಲಿ ಸಿಗದಿದ್ದರೆ ಜನ ಮತ್ತೆ ಮೇಸ್ತ್ರಿಯ ಬಳಿಗೇ ಹೋಗುತ್ತಾರೆ.

ಗಡಿಯಲ್ಲಿರುವುದರಿಂದ ನಮಗೆ ಒಂದೆರಡು ತೊಡಕುಗಳು ಹೆಚ್ಚಿವೆ. ಗಡಿಯ ಊರುಗಳಲ್ಲಿ ಮನೆಯ ಮಾತು ಎಷ್ಟೋ ಕಡೆ ತೆಲುಗು, ಸಂಘದ ಪುಸ್ತಕ ಕನ್ನಡ. ಹೊಳೆಯಾಚೆಯಿಂದ ಬಂದ ಸೊಸೆಯಂದಿರ ರೇಷನ್ ಕಾರ್ಡು, ಆಧಾರ್ ತವರಿನ ವಿಳಾಸದಲ್ಲೇ ಇದ್ದು ಉದ್ಯೋಗ ಖಾತ್ರಿಯ ಜಾಬ್ ಕಾರ್ಡಿಗೆ ಅವರ ಹೆಸರು ಸೇರಿಸಲು ಓಡಾಟ ಹೆಚ್ಚಾಗುತ್ತದೆ. ಈ ಕಾಗದದ ಕೆಲಸಕ್ಕೆ ಓದಿದ ಒಬ್ಬಿಬ್ಬರು ಹುಡುಗಿಯರು ಊರಲ್ಲೇ ಉಳಿದು ನಿಂತರೆ ಇಡೀ ಕೇರಿಗೆ ಅನುಕೂಲವಾಗುತ್ತದೆ, ಅಂಥವರು ಇರುವ ಊರುಗಳೇ ಮುಂದೆ ಬಂದಿವೆ.

ಎಲ್ಲವೂ ಸರಿಹೋಗಿದೆ ಎಂದು ನಾನು ಹೇಳುತ್ತಿಲ್ಲ. ಊರು ಕೂಡಿತು ಎಂದಾಗ ಕೇರಿಯೂ ಕೂಡಿತೇ ಎಂದು ಕೇಳಲೇಬೇಕು. ಹೂಳಿನ ಮಣ್ಣು ಭೂಮಿ ಇದ್ದವರ ಹೊಲಕ್ಕೆ ಹೋಗುತ್ತದೆ, ತುಂಬಿದ ಕೆರೆಯ ಅಂತರ್ಜಲ ಬೋರ್‌ವೆಲ್ ಇದ್ದವರಿಗೆ ಸಿಗುತ್ತದೆ. ಅಗೆದವರಿಗೆ ಕೂಲಿ ಬಿಟ್ಟರೆ ಉಳಿಯುವುದೇನು ಎಂಬ ಪ್ರಶ್ನೆಗೆ ಉತ್ತರ ಕೊಟ್ಟ ಊರುಗಳು ಕಡಿಮೆ. ಕೆರೆಯ ಮೀನಿನ ಹಕ್ಕನ್ನೋ, ದಂಡೆಯ ಗಿಡಗಳ ಫಲವನ್ನೋ ಭೂಮಿ ಇಲ್ಲದ ಮಹಿಳೆಯರ ಸಂಘಕ್ಕೆ ಬಿಡಬೇಕೆಂಬುದು ನನ್ನ ಬಲವಾದ ಅಭಿಪ್ರಾಯ, ಮತ್ತು ಅದು ಗ್ರಾಮಸಭೆಯಲ್ಲಿ ಸುಲಭವಾಗಿ ಒಪ್ಪಿಗೆಯಾಗುವ ಮಾತಲ್ಲ. ಕೂಲಿ ಹಣ ತಡವಾಗಿ ಜಮಾ ಆದರೂ ಜನ ಕಾಯುವುದಿಲ್ಲ. ವಾರದ ಸಂತೆಗೆ ದುಡ್ಡು ಬೇಕಾದವರಿಗೆ ದಿನಕ್ಕೆ ದಿನದ ಕೂಲಿ ಕೊಡುವ ಬೆಂಗಳೂರೇ ಮೇಲೆನಿಸುತ್ತದೆ. ಹದಿನೆಂಟು ಇಪ್ಪತ್ತರ ಹುಡುಗರು ಹೇಗೂ ಹೋಗುತ್ತಾರೆ, ಅವರನ್ನು ತಡೆಯುವುದು ನಮ್ಮ ಉದ್ದೇಶವೂ ಅಲ್ಲ. ಹೋಗುವವರು ಸಾಲಕ್ಕೆ ಹೆದರಿ ಹೋಗದೆ ಮನಸ್ಸಿನಿಂದ ಹೋಗುವಂತಾಗಬೇಕು, ಅವರ ಹಿಂದೆ ಶಾಲೆ ಬಿಡಬೇಕಾದ ತಂಗಿ ಇರಬಾರದು.

ನಿಮ್ಮಿಂದ ಏನಾಗಬೇಕು ಎಂದೂ ಕೇಳಿದ್ದೀರಿ. ನಮ್ಮೂರಿಗೆ ದೇಣಿಗೆ ಕಳಿಸುವುದಕ್ಕಿಂತ ಮೊದಲು ನಿಮ್ಮ ಬೀದಿಯಲ್ಲಿ ಏಳುತ್ತಿರುವ ಕಟ್ಟಡಗಳ ಕಡೆ ನೋಡಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಬೇಕು. 18ರಿಂದ 60 ವರ್ಷದೊಳಗಿನ ಕಾರ್ಮಿಕರಿಗೆ ಮಕ್ಕಳ ಓದಿಗೆ, ಹೆರಿಗೆಗೆ, ಅಪಘಾತಕ್ಕೆ ಅದರಿಂದ ನೆರವು ಸಿಗುತ್ತದೆ. ಕೆಲಸ ಮಾಡಿಸಿದವರು ಆ ಕಾಗದಕ್ಕೆ ಸಹಿ ಹಾಕಿಕೊಡುವುದಿಲ್ಲ ಎಂಬುದು ಗುಳೆ ಹೋಗಿ ಬಂದವರು ನಮ್ಮಲ್ಲಿ ಹೇಳುವ ದೊಡ್ಡ ದೂರು. ನಿಮ್ಮ ಮನೆ ಕಟ್ಟಿಸುವಾಗ, ನಿಮ್ಮ ಬಂಧುಗಳು ಕಟ್ಟಿಸುವಾಗ ಆ ಸಹಿಯನ್ನು ಹಾಕಿಸಿ, ಮತ್ತು ಅಲ್ಲೇ ಶೆಡ್ಡಿನಲ್ಲಿರುವ ಮಕ್ಕಳನ್ನು ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಲು ಮೇಸ್ತ್ರಿಯ ಜೊತೆ ಒಮ್ಮೆ ಮಾತಾಡಿ.