ಹಳೆಯ ಅಂದಾಜು ಬಿಸಾಡಬೇಡಿ

ಪ್ರಶ್ನೆ: ಜುಲೈ–ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಜಿಡಿಪಿ ಶೇ 7ರಷ್ಟು ಬೆಳೆಯುತ್ತದೆ ಎಂದು 2024ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೇಳಿತ್ತು. ಬಂದದ್ದು 5.4. ಇಂಥ ಅಂದಾಜುಗಳನ್ನು ನೀವು ಅಚ್ಚು ಹಾಕುವುದೇ ಬೇಡ, ಅಲ್ವಾ?
– ಓದುಗರೊಬ್ಬರು, ತಿಪಟೂರು

ಉತ್ತರ: ನಿಮ್ಮ ಪತ್ರ ಓದಿ ಬಹಳ ಖುಷಿಯಾಯಿತು. ತಿಂಗಳು, ಇಸವಿ, ಎರಡೂ ಅಂಕಿ ನೆನಪಿಟ್ಟು ಕೇಳಿದ್ದೀರಿ. ಹಾಗೆ ಕೇಳುವವರು ಕಡಿಮೆ.

ಅಂದಾಜು ಮಾಡುವವರಿಗೂ ಕಷ್ಟವಿದೆ, ನಿಜ. ಹೋಲಿಸಬೇಕಾದ ಅಂಕಿಯೇ ಆಮೇಲೆ ಬದಲಾಗುತ್ತದೆ. ನೀವು ಹೇಳಿದ 5.4 ಮುಂದೆ 5.6 ಆಯಿತು. 2015ರಲ್ಲಿ ಲೆಕ್ಕ ಹಾಕುವ ಕ್ರಮ ಬದಲಾದಾಗ 2013-14ರ ಬೆಳವಣಿಗೆ 4.7ರಿಂದ 6.9ಕ್ಕೇ ಏರಿತು.

ಆದರೆ ಅಚ್ಚು ಹಾಕಬೇಡಿ ಎನ್ನುತ್ತೀರಲ್ಲ, ಅದನ್ನು ಮಾತ್ರ ಒಪ್ಪಲಾರೆ. ಅಚ್ಚಾಗದ ಮಾತಿಗೆ ಯಾರೂ ಜವಾಬು ಕೊಡಬೇಕಿಲ್ಲ. ನಮ್ಮಪ್ಪ ಕೊಬ್ಬರಿ ಮಾರಲು ಹೋಗುವಾಗ ಒಂದು ಪುಸ್ತಕ ಒಯ್ಯುತ್ತಿದ್ದರು. ದಲ್ಲಾಳಿ ಹೇಳಿದ ದರ, ಹರಾಜಿನಲ್ಲಿ ಸಿಕ್ಕ ದರ, ಹೋದ ವಾರದ ದರ, ಮೂರನ್ನೂ ಒಂದೇ ಸಾಲಿನಲ್ಲಿ ಬರೆಯುತ್ತಿದ್ದರು. ಯಾರ ಮಾತು ಕೇಳಬೇಕು ಅನ್ನೋದು ನಾಲ್ಕು ವರ್ಷದ ಪುಟ ತಿರುವಿದರೆ ಗೊತ್ತಾಗುತ್ತಿತ್ತು.

ಆ ಮೂರನೆಯ ಅಂಕಿಯನ್ನು ನೀವು ಬಿಟ್ಟಿದ್ದೀರಿ. ಹಿಂದಿನ ತ್ರೈಮಾಸಿಕದಲ್ಲಿ 6.7 ಬಂದಿತ್ತು. ಸುಮ್ನೆ ಅದನ್ನೇ ಮತ್ತೆ ಬರೆದಿದ್ದರೂ ತಪ್ಪು 1.3 ಆಗುತ್ತಿತ್ತು. ರಿಸರ್ವ್ ಬ್ಯಾಂಕಿನ ತಪ್ಪು 1.6! ಒಂದು ತ್ರೈಮಾಸಿಕ ನೋಡಿ ತೀರ್ಪು ಕೊಡಬಾರದು, ಹತ್ತು ವರ್ಷದ್ದು ಬೇಕು. ಆದರೆ ಅಳೆಯುವ ಕೋಲು ಇದೇ. 1983ರಲ್ಲಿ ಮೀಸ್ ಮತ್ತು ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರು ಡಾಲರ್ ವಿನಿಮಯ ದರಕ್ಕೆ ಇದೇ ಕೋಲು ಹಿಡಿದರು. 'ಇವತ್ತಿನ ದರವೇ ಮುಂದೆಯೂ ಇರುತ್ತದೆ' ಎಂಬ ಊಹೆಯನ್ನು ದರ ಊಹಿಸುವ ಆಗಿನ ಹೆಸರಾಂತ ಲೆಕ್ಕದ ಮಾದರಿಗಳಿಗೆ ಒಂದು ವರ್ಷದೊಳಗಿನ ಅವಧಿಗೆ ಸೋಲಿಸಲು ಆಗಲಿಲ್ಲ.

ನನ್ನ ಸಿಟ್ಟು ತಪ್ಪು ಹೇಳಿದವರ ಮೇಲಲ್ಲ, ನಮ್ಮ ಪತ್ರಿಕೆಯವರ ಮೇಲೆ. ಏಪ್ರಿಲ್‌ನಲ್ಲಿ ಅಂದಾಜಿಗೆ ಮುಖಪುಟ ಕೊಡುತ್ತೇವೆ. ಮುಂದಿನ ಮೇ ಕೊನೆಗೆ ನಿಜವಾದ ಲೆಕ್ಕ ಬಂದಾಗ ಹಳೆಯ ಸಂಚಿಕೆ ತೆಗೆದು ನೋಡುವವರಿಲ್ಲ. ಮಳೆ, ಚುನಾವಣೆ, ಈರುಳ್ಳಿ ದರ, ಎಲ್ಲದಕ್ಕೂ ಇದೇ ಕಥೆ. ಹೇಳಿದವರು ಮತ್ತೆ ಟಿವಿಯಲ್ಲಿ ಕೂರುತ್ತಾರೆ. ನಂಬಿ ಬಿತ್ತಿದವರು ಸಾಲ ತೀರಿಸುತ್ತಾ ಇರುತ್ತಾರೆ.

ಇನ್ನು ಮುಂದೆ ನಮ್ಮಲ್ಲಿ ಅಚ್ಚಾಗುವ ಪ್ರತಿ ಅಂದಾಜಿನ ಪಕ್ಕ, ಅದೇ ಸಂಸ್ಥೆ ಹೋದ ಸಲ ಹೇಳಿದ್ದು ಮತ್ತು ಆಗ ಬಂದದ್ದು, ಎರಡೂ ಇರುತ್ತವೆ. ನೀವು ಬರೆದಿಟ್ಟ ಅಂಕಿಗಳು ಇನ್ನೂ ಇದ್ದರೆ ದಯವಿಟ್ಟು ಕಳಿಸಿ.