ಗೆದ್ದ ಮೇಲೆ ಆಟ ಬಿಡುತ್ತೇನೆ ಅನ್ನುತ್ತಾಳೆ ಮಗಳು

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ. ಚೆಸ್ ಕ್ಲಾಸಿನಲ್ಲಿ ಇವಳೊಬ್ಬಳೇ ಹುಡುಗಿ. ಹೋದ ತಿಂಗಳು ಒಬ್ಬ ಹುಡುಗನನ್ನು ಸೋಲಿಸಿದಳು. ‘ಹುಡುಗಿ ಕೈಲಿ ಸೋತ್ಯಾ’ ಅಂತ ಉಳಿದವರು ಅವನನ್ನು ಗೇಲಿ ಮಾಡಿದರಂತೆ. ಅವನು ಕಾಯಿಗಳನ್ನೆಲ್ಲ ಚೆಲ್ಲಿ ಎದ್ದು ಹೋದನಂತೆ. ಆಮೇಲೆ ಇವಳ ಜೊತೆ ಆಡಲು ಯಾರೂ ಬರುತ್ತಿಲ್ಲ. ಈಗ ‘ಚೆಸ್ ಬೋರು, ಹೋಗಲ್ಲ’ ಅನ್ನುತ್ತಾಳೆ. ಆದರೆ ರಾತ್ರಿ ಮೊಬೈಲಿನಲ್ಲಿ ಚೆಸ್ ಪಜಲ್ ಬಿಡಿಸುತ್ತಾ ಕೂತಿರುತ್ತಾಳೆ. ‘ಬೇಡ ಅಂದ್ರೆ ಬಿಡಿಸು, ಓದಿಕೊಳ್ಳಲಿ’ ಅನ್ನುತ್ತಾರೆ ನಮ್ಮವರು. ನನಗಂತೂ ಚೆಸ್ ಗೊತ್ತಿಲ್ಲ. ಒತ್ತಾಯ ಮಾಡಲಾ, ಬಿಡಿಸಲಾ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಬೋರಾದ ಮಗು ರಾತ್ರಿ ಕೂತು ಪಜಲ್ ಬಿಡಿಸುತ್ತಾ? ಅವಳಿಗೆ ಸಾಕಾಗಿರುವುದು ಆ ಕ್ಲಾಸು. ಸೋತು ಅಳುವ ಮಕ್ಕಳನ್ನು ಸಮಾಧಾನ ಮಾಡುವುದು ಎಲ್ಲರಿಗೂ ಗೊತ್ತು. ಗೆದ್ದು ಒಂಟಿಯಾದವಳಿಗೆ ಏನು ಹೇಳಬೇಕು ಅಂತ ಅವಳ ಕೋಚ್‌ಗೂ ತೋಚಿರಲಿಕ್ಕಿಲ್ಲ.

ಮೊದಲು ಆ ಕೋಚ್ ಹತ್ತಿರ ಮಾತಾಡಿ, ಮಗಳು ಇಲ್ಲದಾಗ. ‘ಅವಳಿಗೆ ಸ್ವಲ್ಪ ಧೈರ್ಯ ಹೇಳಿ’ ಅನ್ನಬೇಡಿ, ಅವಳ ಧೈರ್ಯಕ್ಕೇನೂ ಆಗಿಲ್ಲ. ಆ ಗೇಲಿ ಮಾತು ಬಂದಾಗ ನೀವೇನಂದಿರಿ ಅಂತ ಕೇಳಿ. ಯಾರ ಜೊತೆ ಯಾರು ಆಡಬೇಕು ಅನ್ನುವುದನ್ನು ಮಕ್ಕಳಿಗೆ ಯಾಕೆ ಬಿಟ್ಟಿದ್ದೀರಿ ಅಂತಲೂ ಕೇಳಿ. ಟೂರ್ನಿಯಲ್ಲಿ ಪೇರಿಂಗ್ ಪಟ್ಟಿಯಲ್ಲಿ ಯಾರ ಹೆಸರು ಬಂತೋ ಅವರ ಕೈಕುಲುಕಿ ಕೂರಬೇಕು. ಕ್ಲಾಸಿನಲ್ಲೂ ಹಾಗೇ ಮಾಡಲಿ. ಇದರಿಂದ ಆ ಹುಡುಗನಿಗೂ ಒಳ್ಳೆಯದು. ಪಾಪ, ಚೆನ್ನಾಗಿ ಆಡಿದವಳ ಹತ್ತಿರ ಸೋತಿದ್ದಕ್ಕೆ ಅವನು ಮುಖ ಮುಚ್ಚಿಕೊಂಡು ಓಡಾಡಬೇಕಾಗಿದೆ. ಕೋಚ್ ನಕ್ಕು ಸುಮ್ಮನಾದರೆ ಕ್ಲಾಸ್ ಬದಲಿಸಿ.

ಇನ್ನೊಬ್ಬಳು ಹುಡುಗಿಯನ್ನು ಆ ಕ್ಲಾಸಿಗೆ ಸೇರಿಸಲು ಆಗುತ್ತಾ ನೋಡಿ. ಒಬ್ಬಳೇ ಇದ್ದರೆ ಅವಳ ಒಂದೊಂದು ತಪ್ಪು ನಡೆಯೂ ಹುಡುಗಿಯರೆಲ್ಲರ ಲೆಕ್ಕಕ್ಕೆ ಹೋಗುತ್ತೆ. ಹುಡುಗಿಯರಿಗೆ ಮಾತ್ರ ಇರುವ ಟೂರ್ನಿಗೂ ಕರೆದುಕೊಂಡು ಹೋಗಿ. ಮಟ್ಟ ಕಡಿಮೆ ಅಂತ ಮೂಗು ಮುರಿಯುವವರು ಮುರಿಯಲಿ, ಗೆಳತಿಯರು ಸಿಗುವುದು ಅಲ್ಲೇ. ಹಾಗಂತ ಹುಡುಗರೂ ಹುಡುಗಿಯರೂ ಒಟ್ಟಿಗೆ ಆಡುವ ಓಪನ್ ಟೂರ್ನಿ ಬಿಡಿಸಬೇಡಿ. ಹಂಗೇರಿಯ ಆಟಗಾರ್ತಿ ಜೂಡಿಟ್ ಪೋಲ್ಗಾರ್ ಜಾಸ್ತಿ ಆಡಿದ್ದು ಗಂಡಸರ ಜೊತೆಗೇ. ಹೆಂಗಸರ ಆಟವನ್ನು ಹಗುರವಾಗಿ ಕಂಡಿದ್ದ ಮಾಜಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನೇ 2002ರಲ್ಲಿ ಕಡಿಮೆ ಸಮಯದ ಒಂದು ರ‍್ಯಾಪಿಡ್ ಆಟದಲ್ಲಿ ಸೋಲಿಸಿದರು. ದಿವ್ಯಾ ದೇಶ್‌ಮುಖ್ 2025ರ ಮಹಿಳಾ ವಿಶ್ವಕಪ್‌ಗೆ ಹೋದಾಗ 19 ವರ್ಷ, ಇನ್ನೂ ಗ್ರ್ಯಾಂಡ್‌ಮಾಸ್ಟರ್ ಆಗಿರಲಿಲ್ಲ. ಫೈನಲ್‌ನಲ್ಲಿ ಕೊನೇರು ಹಂಪಿ ಅವರನ್ನು ಟೈಬ್ರೇಕ್‌ನಲ್ಲಿ ಸೋಲಿಸಿ ಕಪ್ಪನ್ನೂ ಚೆಸ್ಸಿನ ಆ ಅತಿ ದೊಡ್ಡ ಪಟ್ಟವನ್ನೂ ಒಟ್ಟಿಗೇ ಗೆದ್ದರು. ಆ ಹಂಪಿಯಾದರೂ ಕಡಿಮೆಯವರೇ? ತಾಯಿಯಾದ ಮೇಲೆ 2019 ಮತ್ತು 2024ರಲ್ಲಿ ಮಹಿಳಾ ವಿಶ್ವ ರ‍್ಯಾಪಿಡ್ ಚಾಂಪಿಯನ್ ಆದವರು. ಈ ಹೆಸರುಗಳನ್ನು ಹಿಡಿದು ಮಗಳಿಗೆ ಭಾಷಣ ಬಿಗಿಯಬೇಡಿ ಮತ್ತೆ. ಇವರ ಆಟಗಳ ವಿಡಿಯೋ ಹುಡುಕಿ ಕೊಡಿ, ಸಾಕು.

ಇನ್ನು, ನಿಮಗೆ ಚೆಸ್ ಗೊತ್ತಿಲ್ಲ ಅಂದಿರಲ್ಲ, ಅದು ಒಳ್ಳೆಯದೇ ಆಯಿತು. ಮಗಳ ಹತ್ತಿರ ಕಲಿಯಿರಿ. ಅಪ್ಪ-ಮಗ ಆಡುವ ಮನೆ ಬೇಕಾದಷ್ಟಿವೆ, ಅಮ್ಮ-ಮಗಳು ಬೋರ್ಡ್ ಮುಂದೆ ಕೂತಿದ್ದನ್ನು ಎಲ್ಲಿ ನೋಡಿದ್ದೀರಿ? ಕುದುರೆ ಎರಡೂವರೆ ಮನೆ ಹೇಗೆ ಜಿಗಿಯುತ್ತೆ ಅಂತ ಅವಳೇ ತೋರಿಸಲಿ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು, ‘ಅಯ್ಯೋ, ನೋಡಲಿಲ್ಲ ಪುಟ್ಟಾ’ ಅಂದರೆ ನಡೆಯಲ್ಲ. ಬೇಕಂತ ಮಾತ್ರ ಸೋಲಬೇಡಿ. ಅವಳಿಗೆ ತಕ್ಷಣ ಗೊತ್ತಾಗುತ್ತೆ. ಅದರ ಅಗತ್ಯವೂ ಬೀಳಲ್ಲ ಬಿಡಿ.

ನಿಮ್ಮ ಯಜಮಾನರಿಗೆ ಒಂದು ಮಾತು ಕೇಳಿ, ಜಗಳಕ್ಕಲ್ಲ, ಸುಮ್ನೆ: ಮಗ ಹೀಗೆ ಗೆದ್ದು ಬಂದಿದ್ದರೆ ಬಿಡಿಸು ಅನ್ನುತ್ತಿದ್ದರಾ? ಮೂರು ತಿಂಗಳು ನೋಡಿ. ಜೊತೆಗೆ ಆಡುವವರು ಸಿಕ್ಕ ಮೇಲೂ ಅವಳು ಬೇಡ ಅಂದರೆ ಖಂಡಿತ ಬಿಡಲಿ, ನೀವೂ ಬೇಸರ ಮಾಡಿಕೊಳ್ಳಬೇಡಿ.