ಬ್ರೇಕ್ ಪ್ಯಾಡ್ ಬದಲಿಸಿದ ಮೇಲೆ ಹತ್ತಿದ ಕೆಂಪು ದೀಪವನ್ನು ಆರಿಸುವುದು ಹೇಗೆ? ಸ್ಕ್ಯಾನರ್‌ನಿಂದ ರೀಸೆಟ್ ಮಾಡಿಸಬೇಕೇ, ಬ್ರೇಕ್ ಆಯಿಲ್ ಡಬ್ಬಿಯ ವಾಯರ್ ಕಿತ್ತರೆ ಸಾಕೇ?

ನಾಲ್ಕು ವರ್ಷಗಳ ಹಿಂದೆ ನನಗೂ ಇದೇ ಪ್ರಶ್ನೆ ಎದುರಾಗಿತ್ತು. ಯಾರ ಉತ್ತರಕ್ಕೂ ಕಾಯದೆ ನಾನು ಆ ದೀಪವನ್ನು ಆರಿಸಿಬಿಟ್ಟೆ; ಆರಿಸಿದ್ದೇ ತಪ್ಪಾಯಿತು.

ನಾನು ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಹೈಡ್ರಾಲಿಕ್ ಪ್ರೆಸ್ ನೋಡಿಕೊಳ್ಳುವವನು. ದಿನವೂ ಪಾನಾ ಹಿಡಿಯುವ ಕೈಗೆ ಕಾರಿನ ಬ್ರೇಕ್ ಯಾವ ಲೆಕ್ಕ ಎಂಬ ಹುಮ್ಮಸ್ಸಿನಲ್ಲಿ ಒಂದು ರವಿವಾರ ಅಂಗಳದಲ್ಲೇ ಮುಂದಿನ ಗಾಲಿಗಳನ್ನು ಬಿಚ್ಚಿ ಹೊಸ ಪ್ಯಾಡ್ ಕೂರಿಸಿದೆ. ಮೂರನೆಯ ದಿನ ಕೆಂಪು ದೀಪ ಹತ್ತಿತು. ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಆಯಿಲ್ ಡಬ್ಬಿಯ ಕೆಳಗಿನ ಗೆರೆಗಿಂತಲೂ ಕೆಳಗಿಳಿದಿತ್ತು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ತಂದು ಮೇಲಿನ ಗೆರೆಯವರೆಗೆ ಸುರಿದೆ, ದೀಪ ಆರಿತು. ಐದು ದಿನಕ್ಕೆ ಮತ್ತೆ ಹತ್ತಿತು, ಮತ್ತೆ ಸುರಿದೆ.

ಇಲ್ಲಿ ನಾನು ಯೋಚಿಸಬೇಕಾಗಿದ್ದದ್ದು ಇಷ್ಟೇ. ಪ್ಯಾಡ್ ಸವೆದಂತೆ, ಪ್ಯಾಡನ್ನು ಹಿಡಿದು ಒತ್ತುವ ಕ್ಯಾಲಿಪರಿನ ಪಿಸ್ಟನ್ ಹೊರಬರುತ್ತದೆ, ಅದರ ಹಿಂದೆ ತೆರವಾದ ಜಾಗವನ್ನು ತುಂಬಲು ಡಬ್ಬಿಯ ಆಯಿಲ್ ಕೆಳಗಿಳಿಯುತ್ತದೆ; ಆದ್ದರಿಂದ ಹಳೆಯ ಪ್ಯಾಡ್ ಇರುವಾಗ ಮಟ್ಟ ಕಡಿಮೆಯಾಗುವುದು ಸಹಜ. ಆದರೆ ಹೊಸ ದಪ್ಪ ಪ್ಯಾಡ್ ಕೂರಿಸಲು ಪಿಸ್ಟನ್ನನ್ನು ಒಳಕ್ಕೆ ಒತ್ತಿದಾಗ ಅದೇ ಆಯಿಲ್ ಡಬ್ಬಿಗೆ ಮರಳುತ್ತದೆ. ಅಂದರೆ ಪ್ಯಾಡ್ ಬದಲಿಸಿದ ಮೇಲೆ ಮಟ್ಟ ಏರಬೇಕೇ ಹೊರತು ಇಳಿಯಕೂಡದು, ಮೂರು ದಿನದಲ್ಲಂತೂ ಇಳಿಯಲೇಕೂಡದು. ಇಳಿದಿದೆ ಎಂದರೆ ಎಲ್ಲಿಂದಲೋ ಹೊರಗೆ ಹೋಗುತ್ತಿದೆ. ಕಾರ್ಖಾನೆಯ ಪ್ರೆಸ್ಸಿನಲ್ಲಿ ಆಯಿಲ್ ಇಳಿದರೆ ಮೊದಲು ಸೋರಿಕೆ ಹುಡುಕುವ ನಾನು, ಸ್ವಂತ ಗಾಡಿಗೆ ಬರೀ ಆಯಿಲ್ ಸುರಿಯುತ್ತ ಕುಳಿತಿದ್ದೆ.

ಮುಂದಿನ ವಾರ ಕುಟುಂಬದೊಂದಿಗೆ ಗೋವಾಕ್ಕೆ ಹೊರಟೆವು. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯುವಾಗ ಪೆಡಲ್ ಅರ್ಧಕ್ಕಿಂತ ಕೆಳಗೆ ಕುಸಿದು, ಗಾಡಿ ಒಂದು ಬದಿಗೆ ಎಳೆಯತೊಡಗಿತು. ಬ್ರೇಕಿನ ಆಯಿಲ್ ಎರಡು ಬೇರೆ ಬೇರೆ ದಾರಿಗಳಲ್ಲಿ ಹರಿಯುವುದರಿಂದ ಒಂದು ಬರಿದಾದರೂ ಇನ್ನೊಂದು ಉಳಿದಿತ್ತು. ಎರಡನೆಯ ಗೇರ್ ಮತ್ತು ಹ್ಯಾಂಡ್‌ಬ್ರೇಕ್ ಸೇರಿ ನಮ್ಮನ್ನು ತಿರುವಿನ ಬದಿಗೆ ನಿಲ್ಲಿಸಿದವು. ಗಾಡಿಯನ್ನು ಬೆಳಗಾವಿಗೆ ಎಳೆಸಿ ತರಲು ಕೊಟ್ಟ ಹಣದಲ್ಲಿ ಹತ್ತು ಹೋಸ್ ಪೈಪ್ ಬರುತ್ತಿದ್ದವು.

ಗಾಲಿ ಬಿಚ್ಚಿದ ಮಿಸ್ತ್ರಿ ಕೇಳಿದ್ದು ಒಂದೇ ಮಾತು: "ಪ್ಯಾಡ್ ಬದಲಿ ಮಾಡುಮುಂದ ಕ್ಯಾಲಿಪರ್ ಪೈಪಿಗೇ ಜೋತಬಿಟ್ಟಿದ್ರೇನ್ರಿ ಸರ?" ಹೌದು, ಬಿಟ್ಟಿದ್ದೆ. ಚಹಾ ಕುಡಿದು ಬರುವವರೆಗೂ ಆ ಭಾರದ ಕಬ್ಬಿಣ ಅದಕ್ಕೆ ಆಯಿಲ್ ತರುವ ಹಳೆಯ ರಬ್ಬರ್ ಪೈಪಿಗೆ ತೂಗಾಡುತ್ತಿತ್ತು. ಒಂದು ತುಂಡು ತಂತಿಯಿಂದ ಅದನ್ನು ಸ್ಪ್ರಿಂಗಿಗೆ ಕಟ್ಟಿದ್ದರೆ ಪೈಪಿನ ತುದಿ ಸಡಿಲವಾಗುತ್ತಿರಲಿಲ್ಲ. ಸೋರಿದ ಆಯಿಲ್ ಗಾಲಿಯ ಒಳಮೈಗೆ ಹರಡಿದ್ದರಿಂದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆದ್ದರಿಂದ ದೀಪವನ್ನು ಸ್ಕ್ಯಾನರ್‌ನಿಂದ ರೀಸೆಟ್ ಮಾಡಿಸಬೇಕೇ, ಡಬ್ಬಿಯ ವಾಯರ್ ಕಿತ್ತರೆ ಸಾಕೇ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ದೀಪ ಯಾಕೆ ಹತ್ತಿತು ಎಂದು ಹುಡುಕಿ. ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಕೆಳಗಿಳಿದಿದೆಯೇ ನೋಡಿ, ಅದರ ಸ್ವಿಚ್ಚೇ ಅಂಟಿಕೊಂಡು ದೀಪ ಹತ್ತಿರಬಹುದು. ಪ್ಯಾಡಿಗೆ ಸವೆತ ತಿಳಿಸುವ ವಾಯರ್ ಇರುವ ಗಾಡಿಯಾದರೆ, ಸವೆದು ತುಂಡಾದ ವಾಯರನ್ನು ಬದಲಿಸದೆ ದೀಪ ಆರದು. ನಮ್ಮ ಸಣ್ಣ ಕಾರುಗಳಲ್ಲಿ ಬಹುತೇಕ ಅದು ಇರುವುದಿಲ್ಲ.

ಉಳಿದದ್ದು ಆಯಿಲ್. ಇಂದು ರಾತ್ರಿ ಡಬ್ಬಿಯ ಮೇಲೆ ಈಗಿನ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆಯಿರಿ, ನಾಲ್ಕೂ ಗಾಲಿಗಳ ಕೆಳಗೆ ರಟ್ಟು ಹಾಸಿ, ಎಂಜಿನ್ ಚಾಲೂ ಮಾಡಿ ಒಂದು ನಿಮಿಷ ಪೆಡಲನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪೆಡಲ್ ಮೆಲ್ಲಗೆ ಕೆಳಗಿಳಿದರೆ, ಬೆಳಿಗ್ಗೆ ರಟ್ಟಿನ ಮೇಲೆ ಕಲೆ ಇದ್ದರೆ ಅಥವಾ ಗೆರೆಗಿಂತ ಆಯಿಲ್ ಕಡಿಮೆಯಾಗಿದ್ದರೆ ಗಾಡಿಯನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ, ಮಿಸ್ತ್ರಿಯನ್ನೇ ಮನೆಗೆ ಕರೆಸಿ.